ಗಂಗರ ದಂಡನಾಯಕ, ಗಂಗರ ಮಂತ್ರಿ: ಚಾವುಂಡರಾಯ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಿದ ಯಾರಿಗೂ ಚಾವುಂಡರಾಯನ ಹೆಸರು ಹೊಸದಲ್ಲ. ಭಗವಾನ್ ಬಾಹುಬಲಿಯ ಮಹಾಮೂರ್ತಿಯನ್ನು ಮಾಡಿಸಿದ ಪುಣ್ಯವಂತ ಎಂದೇ ನಮ್ಮ ಮನೆಗಳಲ್ಲಿ ಆತನನ್ನು ನೆನೆಯುತ್ತಾರೆ. ಆದರೆ ಆತ ಮೊದಲು ಹೆಸರು ಗಳಿಸಿದ್ದು ಯುದ್ಧಭೂಮಿಯಲ್ಲಿ.

ಬ್ರಹ್ಮಕ್ಷತ್ರ ವಂಶದ ಚಾವುಂಡರಾಯ ತಲಕಾಡಿನ ಗಂಗರ ಸೇವೆಯಲ್ಲಿದ್ದವನು. ಇಮ್ಮಡಿ ಮಾರಸಿಂಹನ ಕಾಲದಲ್ಲಿ ಗಂಗರು ರಾಷ್ಟ್ರಕೂಟರ ಸಾಮಂತರಾಗಿ ಒಂದರ ಹಿಂದೊಂದು ಯುದ್ಧ ಮಾಡಬೇಕಾಯಿತು. ಗೋನೂರಿನಲ್ಲಿ ನೊಳಂಬರ ವಿರುದ್ಧ ಕಾದಿ ವೀರಮಾರ್ತಂಡನಾದ. ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿ ರಣರಂಗಸಿಂಗನಾದ. ಸಮರಪರಶುರಾಮ ಎಂಬ ಬಿರುದಿನ ಹಿಂದೆ ಮಾತ್ರ ಮನೆಯ ದುಃಖವಿದೆ. ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡದ್ದಕ್ಕೆ ಬಂದ ಬಿರುದು ಅದು. ದೇಶರಕ್ಷಣೆಗಾಗಿ ಆಯುಧ ಹಿಡಿಯುವ ವಿರೋಧಿ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಲಾಗದು ಎಂದು ನಮ್ಮ ಆಚಾರಗ್ರಂಥಗಳು ಒಪ್ಪುತ್ತವೆ. ತಮ್ಮನ ಸೇಡು ಆ ಲೆಕ್ಕಕ್ಕೆ ಸುಲಭವಾಗಿ ಸೇರುವುದಿಲ್ಲ. ಚಾವುಂಡರಾಯ ಅದನ್ನು ಮುಚ್ಚಿಡಲಿಲ್ಲ. ತಾನೇ ಬರೆದ ಪುರಾಣದಲ್ಲಿ ಬಿರುದನ್ನೂ ಅದರ ಕಾರಣವನ್ನೂ ದಾಖಲಿಸಿದ.

973ರಲ್ಲಿ ಚಾಲುಕ್ಯ ತೈಲಪನ ಏಟಿಗೆ ರಾಷ್ಟ್ರಕೂಟ ಸಾಮ್ರಾಜ್ಯ ಉರುಳಿತು. ಅದನ್ನು ಮತ್ತೆ ನಿಲ್ಲಿಸಲು ಹೆಣಗಿದ ಮಾರಸಿಂಹ ಸ್ವಲ್ಪ ಕಾಲದಲ್ಲೇ ರಾಜ್ಯ ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟ. ಗಂಗರಿಗೆ ಈಗ ಮೇಲೆ ಸಾರ್ವಭೌಮನಿಲ್ಲ, ಒಳಗೆ ಶಾಂತಿಯಿಲ್ಲ. ಸೈನ್ಯ ಯಾರ ಮಾತು ಕೇಳುತ್ತದೆಯೋ ಅವನೇ ಒಡೆಯನಾಗಬಹುದಾದ ಸಮಯ. ಅಂಥ ಹೊತ್ತಿನಲ್ಲಿ ಚಾವುಂಡರಾಯ ಸಿಂಹಾಸನಕ್ಕೆ ಕೈಚಾಚದೆ ನಾಲ್ಕನೆಯ ರಾಚಮಲ್ಲನ ಬೆನ್ನಿಗೆ ನಿಂತು, ದಂಡನಾಯಕತ್ವದ ಜೊತೆಗೆ ಮಂತ್ರಿಯ ಹೊಣೆಯನ್ನೂ ಹೊತ್ತ. ಆತನ ಯುದ್ಧಗಳಿಗಿಂತ ಈ ನಡೆಯೇ ದೊಡ್ಡದು ಎನ್ನಬೇಕು.

ಈಗ ನಾವು ಆತನದೆಂದು ಕಾಣುವ ಕೆಲಸವೆಲ್ಲ ಬಹುತೇಕ ಈ ಕೆಲವೇ ವರ್ಷಗಳದ್ದು. ಅರವತ್ತಮೂರು ಶಲಾಕಾಪುರುಷರ ಚರಿತ್ರೆಯಾದ ಚಾವುಂಡರಾಯ ಪುರಾಣ 978ರಲ್ಲಿ ಮುಗಿಯಿತು. ಪಂಪ, ಪೊನ್ನರ ಚಂಪೂ ಮೆರೆಯುತ್ತಿದ್ದಾಗ ಆತ ಆರಿಸಿಕೊಂಡದ್ದು ಗದ್ಯ. ಸಂಸ್ಕೃತದಲ್ಲಿ ಬರೆದ ಚಾರಿತ್ರಸಾರ ಶ್ರಾವಕರ ಮತ್ತು ಮುನಿಗಳ ನಡತೆಯನ್ನು ಹೇಳುತ್ತದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತಮ್ಮ ಶಿಷ್ಯನಾದ ಈತನಿಗಾಗಿ ರಚಿಸಿದ ಗ್ರಂಥವೇ ಗೊಮ್ಮಟಸಾರ. ಗೊಮ್ಮಟ ಎಂಬುದು ಚಾವುಂಡರಾಯನ ಇನ್ನೊಂದು ಹೆಸರು. ಕವಿ ರನ್ನನಿಗೂ ಆತ ಆಶ್ರಯದಾತ. ಆ ಋಣಕ್ಕೆ ರನ್ನ ತನ್ನ ಮಗನಿಗೆ ರಾಯ ಎಂದು ಹೆಸರಿಟ್ಟ.

981ರ ಸುಮಾರಿಗೆ ಬಾಹುಬಲಿಯ ಮೂರ್ತಿ ಪೂರ್ಣವಾಯಿತು. ತಾಯಿ ಕಾಳಲಾದೇವಿಯ ದರ್ಶನದ ಬಯಕೆಯೇ ಅದಕ್ಕೆ ಕಾರಣವೆಂದು ಸಂಪ್ರದಾಯ ಹೇಳುತ್ತದೆ. ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವನ ಮೂರ್ತಿಯನ್ನು ಇಷ್ಟೊಂದು ಯುದ್ಧ ಗೆದ್ದವನೊಬ್ಬ ಮಾಡಿಸಿದ. ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿ ಮಾಡಿಸಿದವನ ಹೆಸರಷ್ಟೇ ಇದೆ, ಬಿರುದುಗಳಿಲ್ಲ. ಎದುರಿನ ಚಂದ್ರಗಿರಿಯಲ್ಲಿ ಆತನ ಹೆಸರಿನದೇ ಬಸದಿಯಿದೆ. ಅದರ ಮೇಲಂತಸ್ತಿನಲ್ಲಿ ಪಾರ್ಶ್ವನಾಥ ಸ್ವಾಮಿಯನ್ನು ನಿಲ್ಲಿಸಿದವನು ಮಗ ಜಿನದೇವಣ.

ಚಾವುಂಡರಾಯ ಕಾದ ಗಂಗರಾಜ್ಯ ಹೆಚ್ಚು ಕಾಲ ಉಳಿಯಲಿಲ್ಲ. 1004ರ ಸುಮಾರಿಗೆ ತಲಕಾಡು ಚೋಳರ ಪಾಲಾಯಿತು. ಆತನ ಯುದ್ಧಗಳನ್ನು ಬಣ್ಣಿಸುವ ಶಾಸನ ವಿಂಧ್ಯಗಿರಿಯ ತ್ಯಾಗದ ಬ್ರಹ್ಮದೇವರ ಕಂಬದ ಮೇಲಿತ್ತು. ಸುಮಾರು ಎರಡು ಶತಮಾನಗಳ ನಂತರ ಹೆಗ್ಗಡೆ ಕಣ್ಣ ಎಂಬವನು ತನ್ನದೊಂದು ಸಣ್ಣ ಬರಹಕ್ಕಾಗಿ ಕಂಬದ ಮೂರು ಮುಖಗಳ ಅಕ್ಷರಗಳನ್ನು ಅಳಿಸಿಹಾಕಿಸಿದ. ಉಳಿದ ಒಂದು ಮುಖವನ್ನು ಬೆಟ್ಟ ಹತ್ತುವವರು ಈಗಲೂ ನೋಡಬಹುದು.