ಯೋಜನಾ ಪದ್ಧತಿಯ ಪ್ರವರ್ತಕ ಕಿಲ್‌ಪ್ಯಾಟ್ರಿಕ್

ಶಿಕ್ಷಕರ ತರಬೇತಿ ಪಡೆದವರಿಗೆ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಎಂಬ ಹೆಸರು ಅಪರಿಚಿತವಲ್ಲ. ಪಾಠವನ್ನು ಮಕ್ಕಳ ಸ್ವಂತ ಕಾರ್ಯವನ್ನಾಗಿ ಮಾರ್ಪಡಿಸಲು ಬಾಳೆಲ್ಲ ಶ್ರಮಿಸಿದ ಈ ಮಹನೀಯರು 1871ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ವೈಟ್ ಪ್ಲೇನ್ಸ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆಯವರು ಬ್ಯಾಪ್ಟಿಸ್ಟ್ ಪಂಥದ ಧರ್ಮೋಪದೇಶಕರು. ಮರ್ಸರ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮುಗಿಸಿ ಅದೇ ರಾಜ್ಯದ ಶಾಲೆಗಳಲ್ಲಿ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ದಂಡನೆಯ ಭಯವಾಗಲಿ ಅಂಕಗಳ ಆಸೆಯಾಗಲಿ ಇಲ್ಲದೆಯೂ ಮಕ್ಕಳು ಕಲಿಯಬಲ್ಲರೆಂಬ ನಂಬಿಕೆ ಆಗಲೇ ಅವರಲ್ಲಿ ಬೇರೂರಿತು. ಮುಂದೆ ಮರ್ಸರ್‌ನಲ್ಲಿಯೇ ಗಣಿತ ಬೋಧಿಸಿದರು. ಮತತತ್ತ್ವಗಳ ವಿಷಯದಲ್ಲಿ ಆಡಳಿತವರ್ಗದೊಡನೆ ಭಿನ್ನಾಭಿಪ್ರಾಯವುಂಟಾಗಲು, 1906ರಲ್ಲಿ ಆ ಸ್ಥಾನವನ್ನು ತೊರೆದರು.

ಅನಂತರ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜನ್ನು ಸೇರಿ, ತತ್ತ್ವಜ್ಞಾನಿ ಜಾನ್ ಡ್ಯೂಯಿಯವರ ಶಿಷ್ಯರಾದರು. 1912ರಲ್ಲಿ ಡಾಕ್ಟರೇಟ್ ಗಳಿಸಿದರು. 1918ರಲ್ಲಿ ಪ್ರಕಟವಾದ ಯೋಜನಾ ಪದ್ಧತಿಯನ್ನು ಕುರಿತ ಲೇಖನ ಅವರಿಗೆ ವಿಶ್ವಖ್ಯಾತಿಯನ್ನು ತಂದಿತು. ಬಾಲಕಿಯೊಬ್ಬಳು ತಾನೇ ಬಯಸಿ ಉಡುಪನ್ನು ಹೊಲಿದರೆ ಅದು ಯೋಜನೆ. ಬಲವಂತದಿಂದ ಹೊಲಿದರೆ ಬರಿಯ ದುಡಿಮೆ. ಉದ್ದೇಶವನ್ನು ತಳೆಯುವುದು, ಯೋಜಿಸುವುದು, ಕಾರ್ಯಗತಗೊಳಿಸುವುದು, ಫಲವನ್ನು ತೂಗಿನೋಡುವುದು ಎಂಬ ನಾಲ್ಕು ಹಂತಗಳನ್ನು ಅವರು ನಿರೂಪಿಸಿದರು.

ಎರಡನೆಯ ಹಂತದಲ್ಲಿಯೇ ವಿವಾದ ಹುಟ್ಟಿತು. ಹುಡುಗನೊಬ್ಬ ಮೆಕ್ಕೆಜೋಳ ಬೆಳೆಯಲು ಹೊರಟರೆ, ಅನುಭವಿಗಳು ಸಿದ್ಧಪಡಿಸಿದ ಕ್ರಮವನ್ನೇ ಅವನಿಗೆ ಕೊಡಬಾರದೇಕೆ ಎಂಬ ಪ್ರಶ್ನೆ ಎದ್ದಿತು. ಅದರಿಂದ ಇಳುವರಿ ಹೆಚ್ಚಬಹುದು. ಆದರೆ ಶಾಲೆ ಬೆಳೆಸಬೇಕಾದುದು ಜೋಳವನ್ನಲ್ಲ, ಹುಡುಗನನ್ನು ಎಂಬುದು ಕಿಲ್‌ಪ್ಯಾಟ್ರಿಕ್ಕರ ನಿಲುವಾಗಿತ್ತು. ಗುರುಗಳಾದ ಡ್ಯೂಯಿಯವರಿಗೆ ಬೇರೊಂದು ಆತಂಕವಿತ್ತು. ಯೋಜನೆಗಳೆಂಬ ಹೆಸರಿನಲ್ಲಿ ನಡೆಯುತ್ತಿದ್ದ ಅನೇಕ ಕಾರ್ಯಗಳು ಅಲ್ಪಾವಧಿಯವೂ ಕ್ಷುಲ್ಲಕವೂ ಆಗಿದ್ದು, ಅವುಗಳಿಂದ ಹೊಸ ಜ್ಞಾನ ದೊರೆಯುತ್ತಿಲ್ಲವೆಂದು ಅವರು 1931ರಲ್ಲಿ ಎಚ್ಚರಿಸಿದರು.

ಕಿಲ್‌ಪ್ಯಾಟ್ರಿಕ್ಕರು 1965ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ದಿವಂಗತರಾದರು. ಗುರುಶಿಷ್ಯರ ಈ ಭೇದ ಇಂದಿಗೂ ಶಿಕ್ಷಕರಿಗೆ ಮಾರ್ಗದರ್ಶಿಯಾಗಿದೆ. ಗುರುವೇ ಎಲ್ಲವನ್ನೂ ಯೋಜಿಸಿದರೆ ಮಗು ಕೂಲಿಯಾಗುತ್ತದೆ. ಗುರು ಏನನ್ನೂ ಯೋಜಿಸದಿದ್ದರೆ ಕಲಿಕೆ ಆಟವಾಗಿ ಕರಗುತ್ತದೆ. ಯಾವ ಜ್ಞಾನ ದೊರೆಯಬೇಕೆಂಬುದನ್ನು ಮೊದಲೇ ಚಿಂತಿಸಿ, ಕಾಲವನ್ನೂ ಸಾಮಗ್ರಿಯನ್ನೂ ಅಣಿಗೊಳಿಸಿ, ಕಾರ್ಯದ ಹಾದಿಯನ್ನು ಮಕ್ಕಳೇ ಕಂಡುಕೊಳ್ಳುವಂತೆ ತಾಳ್ಮೆಯಿಂದ ಕಾಯುವುದರಲ್ಲಿಯೇ ಶಿಕ್ಷಕನ ಹಿರಿಮೆ ಅಡಗಿದೆ.