ಡೆಪ್ಯೂಟಿ ಚನ್ನಬಸಪ್ಪನವರು
1833ರಲ್ಲಿ ಧಾರವಾಡದಲ್ಲಿ ಜನಿಸಿದ ಚನ್ನಬಸಪ್ಪನವರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರೂ ಆರಿಸಿಕೊಂಡದ್ದು ಶಿಕ್ಷಣ ಇಲಾಖೆಯನ್ನು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಶಾಲೆ, ಕಚೇರಿಗಳಲ್ಲಿ ಆಗ ಮರಾಠಿಯದೇ ಪ್ರಾಬಲ್ಯ. ಕನ್ನಡ ಕಲಿತವರಿಗೆ ಉದ್ಯೋಗವೆಲ್ಲಿ? ನಮ್ಮ ಪಾಲಕರು ಇಂದಿಗೂ ಕೇಳುವ ಪ್ರಶ್ನೆಯಿದು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಚನ್ನಬಸಪ್ಪನವರು ಇದಕ್ಕೆ ಭಾಷಣದಿಂದಲ್ಲ, ಕೆಲಸದಿಂದ ಉತ್ತರಿಸಿದರು. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿ ತರುಣರನ್ನು ಶಿಕ್ಷಕವೃತ್ತಿಗೆ ಸಿದ್ಧಗೊಳಿಸಿದರು. ಬಳಿಕ ಡೆಪ್ಯೂಟಿ ಇನ್‌ಸ್ಪೆಕ್ಟರರಾಗಿ ಕನ್ನಡ ಶಾಲೆಗಳನ್ನು ಬೆಳೆಸಿದರು. ಶಾಲೆ ಹೆಚ್ಚಿದಂತೆ ಕನ್ನಡ ಬಲ್ಲ ಶಿಕ್ಷಕರು ಬೇಕಾದರು. ಕನ್ನಡವೇ ಹಲವು ಮನೆಗಳಿಗೆ ಸಂಬಳ ತಂದಿತು. ನಿಜಾಮ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಮಾಕಣಿಯ ಕಡೆಗೆ ಅವರ ಅಧಿಕಾರ ಚಾಚಿರಲಿಲ್ಲ. 1881ರಲ್ಲಿ ನಿಧನರಾದಾಗ ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.