ಲ್ಯಾಂಬ್ಡಾ ಕೊಟ್ಟ ಮೇಷ್ಟ್ರು

ಸಿ ಶಾರ್ಪ್ ಲ್ಯಾಬಿನಲ್ಲಿ ನಾವೆಲ್ಲ ಡೆಲಿಗೇಟ್ ಬಳಸ್ತೀವಿ. ದೊಡ್ಡ ಆಬ್ಜೆಕ್ಟನ್ನು ಈಗಲೇ ಕಟ್ಟೋದಿಲ್ಲ. ಕಟ್ಟುವ ಬಗೆಯನ್ನಷ್ಟೇ ಲ್ಯಾಂಬ್ಡಾದಲ್ಲಿ ಬರೆದು ಡೆಲಿಗೇಟ್ ಕೈಗೆ ಕೊಡ್ತೀವಿ. ಕರೆದಾಗ ಆಬ್ಜೆಕ್ಟ್ ಹುಟ್ಟುತ್ತೆ, ಕರೆಯದಿದ್ದರೆ ಹುಟ್ಟೋದೇ ಇಲ್ಲ. ಈ ಲ್ಯಾಂಬ್ಡಾ ಎಲ್ಲಿಂದ ಬಂತು ಅಂತ ಹುಡುಕಿದಾಗ ನಮಗೆ ಸಿಕ್ಕವರು ಅಲೊಂಜೊ ಚರ್ಚ್.

ಚರ್ಚ್ ಹುಟ್ಟಿದ್ದು 1903ರಲ್ಲಿ, ಅಮೆರಿಕದ ವಾಷಿಂಗ್ಟನ್ನಿನಲ್ಲಿ. ಚಿಕ್ಕಂದಿನಲ್ಲೇ ಒಂದು ಅವಘಡದಲ್ಲಿ ಒಂದು ಕಣ್ಣಿನ ದೃಷ್ಟಿ ಹೋಯಿತು. ಪ್ರಿನ್ಸ್‌ಟನ್ನಿನಲ್ಲಿ ಓದಿ, 1927ರಲ್ಲಿ ಡಾಕ್ಟರೇಟ್ ಪಡೆದು, ಎರಡು ವರ್ಷದ ನಂತರ ಅಲ್ಲಿಗೇ ಮೇಷ್ಟ್ರಾಗಿ ಬಂದರು.

ಇಡೀ ಗಣಿತಕ್ಕೆ ಹೊಸ ತಳಪಾಯ ಹಾಕಬೇಕು ಅನ್ನೋದು ಅವರ ಆಸೆ. 1932ರಲ್ಲಿ ಮೊದಲ ಲೇಖನ ಬಂತು. ಆದ್ರೆ 1935ರಲ್ಲಿ ಅವರದೇ ಶಿಷ್ಯರಾದ ಕ್ಲೀನಿ ಮತ್ತು ರಾಸರ್ ಆ ತಳಪಾಯದಲ್ಲೇ ವಿರೋಧಾಭಾಸ ಇದೆ ಅಂತ ತೋರಿಸಿಬಿಟ್ಟರು. ಅದರಲ್ಲಿ ಸುಳ್ಳನ್ನೂ ನಿಜ ಅಂತ ಸಾಧಿಸಬಹುದಿತ್ತು. ವರ್ಷಗಳ ಕೆಲಸ ಕುಸಿಯಿತು.

ಚರ್ಚ್ ಎಲ್ಲವನ್ನೂ ಎಸೆಯಲಿಲ್ಲ. ಫಂಕ್ಷನ್‌ಗಳ ಭಾಗ ಗಟ್ಟಿಯಾಗಿತ್ತು, ಅದನ್ನು ಉಳಿಸಿಕೊಂಡರು. ಅದೇ ಲ್ಯಾಂಬ್ಡಾ ಕ್ಯಾಲ್ಕುಲಸ್. ಯಾವ ಯಾಂತ್ರಿಕ ವಿಧಾನಕ್ಕೂ ಬಗೆಹರಿಯದ ಪ್ರಶ್ನೆಗಳಿವೆ ಅಂತ 1936ರಲ್ಲಿ ಅದರಿಂದಲೇ ಸಾಧಿಸಿದರು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದ್ದ ಅಲನ್ ಟ್ಯೂರಿಂಗ್, ಆಮೇಲೆ ಇವರ ಬಳಿಯೇ ಬಂದು 1938ರಲ್ಲಿ ಡಾಕ್ಟರೇಟ್ ಪಡೆದರು.

ಶಿಷ್ಯ ರಾಸರ್ ಜೊತೆ ಅದೇ 1936ರಲ್ಲಿ ಇನ್ನೊಂದು ಪ್ರಮೇಯ ಬಂತು: ಲೆಕ್ಕವನ್ನು ಯಾವ ಕ್ರಮದಲ್ಲಿ ಬಿಡಿಸಿದರೂ, ಉತ್ತರ ಬಂದರೆ ಅದು ಒಂದೇ. ನಮ್ಮ ಡೆಲಿಗೇಟ್ ನೆಂಟಸ್ತನ ಇಲ್ಲಿದೆ. ಒಂದು ಫಂಕ್ಷನ್‌ಗೆ ಎಂದೂ ಮುಗಿಯದ ಲೆಕ್ಕವೊಂದನ್ನು ಆರ್ಗ್ಯುಮೆಂಟಾಗಿ ಕೊಟ್ಟೆವು ಅನ್ನಿ, ಫಂಕ್ಷನ್ ಅದನ್ನು ಮುಟ್ಟೋದೇ ಇಲ್ಲ. ಮೊದಲೇ ಲೆಕ್ಕ ಹಾಕಲು ಹೋದರೆ ಪ್ರೋಗ್ರಾಂ ಹ್ಯಾಂಗ್. ಮುಂದೂಡಿದರೆ ಉತ್ತರ ಸಿಗುತ್ತೆ. ಆದ್ರೆ ಸಿ ಶಾರ್ಪಿನಲ್ಲಿ ಎಚ್ಚರ ಬೇಕು: ಮಧ್ಯೆ ವೇರಿಯಬಲ್ ಬದಲಾದರೆ, ತಡವಾಗಿ ಕರೆದ ಡೆಲಿಗೇಟ್ ಹೊಸ ಬೆಲೆಯನ್ನೇ ಓದುತ್ತೆ. ಚರ್ಚ್ ಅವರ ಲೋಕದಲ್ಲಿ ಬೆಲೆ ಬದಲಾಗುತ್ತಿರಲಿಲ್ಲ.

1967ರಲ್ಲಿ ಪ್ರಿನ್ಸ್‌ಟನ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದ ಚರ್ಚ್, ಎಂಬತ್ತು ದಾಟಿದ ಮೇಲೂ ಪಾಠ ಮಾಡಿದರು. 1995ರಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ.

ಎರರ್ ಬಂದ ತಕ್ಷಣ ನಾವು ಇಡೀ ಫೈಲ್ ಡಿಲೀಟ್ ಮಾಡಿ ಮೊದಲಿಂದ ಶುರು ಮಾಡ್ತೀವಿ. ಮುಂದಿನ ಲ್ಯಾಬಿನಲ್ಲಿ, ಅಳಿಸೋ ಮುಂಚೆ, ಯಾವ ಭಾಗ ಇನ್ನೂ ನಿಂತಿದೆ ಅಂತ ಒಮ್ಮೆ ನೋಡೋಣ.